ಬಂಕಿಗೆ ಹೋದ ಜನರೇಟರ್

ಕುದ್ರೋಳಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅತ್ತಿಗೆಯೂ ನಾನೂ ದೋಸೆ, ಇಡ್ಲಿ ಹಿಟ್ಟು ರುಬ್ಬಿ ಮಾರುತ್ತೇವೆ. ಹೋದ ವರ್ಷದ ಗಾಳಿಮಳೆಗೆ ಎರಡು ದಿನ ಕರೆಂಟು ಹೋಗಿ, ನೆನೆಹಾಕಿದ ಅಕ್ಕಿ, ಉದ್ದು ಎಲ್ಲ ಹಳಸಿ, ಇಡೀ ಓಣಿ ಮೂಗು ಮುಚ್ಚಿಕೊಂಡಿತ್ತು. ಹಾಗಾಗಿ ಈ ಸಲ ಸಮುದ್ರದಲ್ಲಿ ಚಂಡಮಾರುತ ಎದ್ದಿದೆಯೆಂದು ಮೊಬೈಲಿನಲ್ಲಿ ಕಂಡದ್ದೇ ತಡ, ಅತ್ತಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಏಳು ಮಾರಾಯ್ತಿ, ಬೈಕಂಪಾಡಿಗೆ ಹೋಗುವ."

ಅಲ್ಲಿನ ಒಂದು ವರ್ಕ್‌ಶಾಪಿನಲ್ಲಿ ಹಳೆಯ ಡೀಸೆಲ್ ಜನರೇಟರ್ ಸಿಕ್ಕಿತು. ಹ್ಯಾಂಡಲ್ ತಿರುಗಿಸಿ ಚಾಲೂ ಮಾಡುವಂಥದ್ದು. ಅದನ್ನು ಗೂಡ್ಸ್ ರಿಕ್ಷಾಕ್ಕೆ ಹೇರಿಸಿ, ಡ್ರೈವರನ ಪಕ್ಕ ಇಬ್ಬರೂ ಒತ್ತಿಕೊಂಡು ಕುಳಿತು, ದಾರಿಯ ಪೆಟ್ರೋಲ್ ಬಂಕಿಗೆ ಹೋದೆವು. ನನ್ನ ಕೈಯ ಪ್ಲಾಸ್ಟಿಕ್ ಕ್ಯಾನ್ ನೋಡಿ ಬಂಕಿನವನು ತಲೆಯಾಡಿಸಿದ.

"ಇದಕ್ಕೆ ಡೀಸೆಲ್ ಕೊಡ್ಲಿಕ್ಕಿಲ್ಲ ಅಮ್ಮ. ರೂಲ್ಸ್."

"ಕ್ಯಾನಿಗೆ ಬೇಡ, ಇದರ ಟ್ಯಾಂಕಿಗೇ ಹಾಕಿ," ಎಂದು ಅತ್ತಿಗೆ ಹಿಂದಕ್ಕೆ ಕೈ ತೋರಿಸಿದಳು.

"ಇದು ಎಂತ ಗಾಡಿ?"

"ಗಾಡಿಯೇ. ಚಕ್ರ ಬರ್ಲಿಕ್ಕೆ ಬಾಕಿ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವನೂ ನಗುತ್ತಲೇ ತುಂಬಿಸಿದ. ಉಳಿಕೆಗೆ ಎದುರಿನ ಅಂಗಡಿಯಿಂದ ತಗಡಿನ ಕ್ಯಾನ್ ತರಿಸಿ, ಅದಕ್ಕೂ ಹಾಕಿಕೊಟ್ಟ.

ಹಿತ್ತಲಿನಲ್ಲಿ, ಹೊಗೆ ಮನೆಯೊಳಗೆ ಬಾರದಷ್ಟು ದೂರದಲ್ಲಿ, ಶೀಟಿನ ಮಾಡಿನ ಕೆಳಗೆ ಅದನ್ನು ಕೂರಿಸಿದೆವು. ಎಲೆಕ್ಟ್ರಿಷಿಯನ್ ಬಂದು ವೈರು ಎಳೆದು ಹೋದ. ಆಮೇಲೆ ಹ್ಯಾಂಡಲ್ ತಿರುಗಿಸಿದೆವು, ತಿರುಗಿಸಿದೆವು, ತಿರುಗಿಸುತ್ತಲೇ ಇದ್ದೆವು. ಅತ್ತಿಗೆಯ ತಲೆಗೂದಲ ಸೂಡಿ ಬಿಚ್ಚಿಹೋಯಿತು. ಎಂಜಿನ್ ಒಂದು ಕೆಮ್ಮು ಸಹ ಕೆಮ್ಮಲಿಲ್ಲ.

ಪಕ್ಕದ ಮನೆಯ ಬ್ಯಾರಿ ಅಜ್ಜಿ ಪಾಗಾರದ ಗೋಡೆಯ ಮೇಲಿಂದ ನೋಡುತ್ತಿದ್ದರು. "ಅದಕ್ಕೆ ಗಾಳಿ ಹಿಡಿದುಂಟು," ಎಂದರು.

ಅತ್ತಿಗೆಯ ಮುಖ ಬಿಳಿಚಿತು. "ಅಯ್ಯೋ! ಹಾಗಾದ್ರೆ ಯಾರತ್ರ ಬಿಡಿಸುದು?"

"ನನ್ನ ಹತ್ರ. ಸ್ಪ್ಯಾನರ್ ಉಂಟಾ?"

ಅಜ್ಜಿಯ ಗಂಡ ಬಂದರಿನ ಧಕ್ಕೆಯಲ್ಲಿ ನಿಲ್ಲುವ ಮೀನುಬೋಟಿನಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದವರಂತೆ. ಬುತ್ತಿ ಕೊಡಲು ಹೋಗಿ ಹೋಗಿ ಇವರೂ ಕಲಿತಿದ್ದರು. ಡೀಸೆಲ್ ಪೈಪಿನ ನಟ್ಟು ಸಡಿಲಿಸಿ, "ಈಗ ಮೆಲ್ಲ ತಿರುಗಿಸಿ," ಎಂದರು. ನೊರೆ ನೊರೆಯಾಗಿ ಗಾಳಿ ಹೊರಬಂತು. ನೊರೆ ನಿಂತು ಡೀಸೆಲ್ ಮಾತ್ರ ಬರತೊಡಗಿದಾಗ ನಟ್ಟು ಬಿಗಿದರು. ಮತ್ತೆ ಎರಡೇ ಸುತ್ತು! ಡುಗುಡುಗು ಎಂದು ಎಂಜಿನ್ ಹೊರಟಿತು. ಅತ್ತಿಗೆ ಅಜ್ಜಿಯನ್ನು ಅಪ್ಪಿಕೊಂಡೇಬಿಟ್ಟಳು, ಅವರು ತಲೆಗೆ ಹೊದ್ದ ಬಿಳಿ ತಟ್ಟದ ಮೇಲೆ ಕಪ್ಪು ಕೈಗುರುತು ಬಿತ್ತು. "ಹೋಗ್ಲಿ ಬಿಡು, ಒಗೆದರಾಯ್ತು," ಎಂದು ಅಜ್ಜಿ ಬೊಚ್ಚುಬಾಯಿ ತುಂಬ ನಕ್ಕರು.

ಇಷ್ಟೆಲ್ಲ ಆದ ಮೇಲೆ ಕರೆಂಟು ಹೋಗಲೇ ಇಲ್ಲ. ಮಳೆ ಹೊಯ್ಯಿತು, ಗಾಳಿ ಬೀಸಿತು, ಬಲ್ಬು ಮಾತ್ರ ಉರಿಯುತ್ತಲೇ ಇತ್ತು. ಎಂದಿಗಿಂತ ದುಪ್ಪಟ್ಟು ಅಕ್ಕಿ ನೆನೆಹಾಕಿ ನಾವು ಆ ಬಲ್ಬನ್ನೇ ದುರುಗುಟ್ಟಿ ನೋಡುತ್ತ ಕುಳಿತೆವು. ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಓಣಿಯ ತುದಿಯಲ್ಲಿ ತೆಂಗಿನ ಮಡಲೊಂದು ತಂತಿಗೆ ಬಿತ್ತು. ಬಲ್ಬು ಆರಿತು.

"ಹೋಯ್ತು!" ಎಂದು ಇಬ್ಬರೂ ಕುಣಿದೆವು. ನಾಚಿಕೆಯ ಮಾತು, ಆದರೆ ನಿಜ.

ಅರ್ಧ ಗಂಟೆಯಲ್ಲಿ ಓಣಿಯ ಹೆಂಗಸರು ಕೊಡೆ ಹಿಡಿದು, ನೆನೆದ ಅಕ್ಕಿಯ ಪಾತ್ರೆಗಳ ಜೊತೆ ಬಂದರು. ಗ್ರೈಂಡರಿನ ಗದ್ದಲಕ್ಕೆ ಯಾರ ಮಾತೂ ಯಾರಿಗೂ ಕೇಳಿಸದೆ, ಎಲ್ಲರೂ ಕಿರುಚಿ ಕಿರುಚಿ ಮಾತಾಡಿ, ಕೇಳಿಸದ್ದಕ್ಕೇ ನಕ್ಕರು. ಅಜ್ಜಿ ಕುರ್ಚಿ ಹಾಕಿಸಿಕೊಂಡು ಎಂಜಿನಿನ ಬಳಿ ಕುಳಿತವರು ಊಟಕ್ಕೂ ಏಳಲಿಲ್ಲ.

ಸಂಜೆ ನಾಲ್ಕಕ್ಕೆ ಕರೆಂಟು ಬಂತು. ನಾನು ಎಂಜಿನ್ ನಿಲ್ಲಿಸಲು ಹೋದೆ.

"ಐದು ನಿಮಿಷ ಇರ್ಲಿ," ಎಂದರು ಅಜ್ಜಿ. "ಚಂದ ಓಡ್ತಾ ಉಂಟು."

ಅತ್ತಿಗೆ ಅವರಿಗೆ ಅಲ್ಲಿಗೇ ಚಹಾ ತಂದುಕೊಟ್ಟಳು.