ಗೋಳಿಮರದ ನೆರಳಿನ ಸಿಗ್ನಲ್

ದುಬೈಗೆ ಹೋಗುವವರು ನನ್ನ ಗಂಡ, ಗಡಿಬಿಡಿಯೆಲ್ಲ ನನ್ನದು. ಅಲ್ಲಿ ಅವರು ಕಂಪೆನಿಯ ವ್ಯಾನ್ ಓಡಿಸುತ್ತಾರೆ. ರಜೆ ಮುಗಿದಿತ್ತು, ಮರುದಿನ ಹಾಜರಾಗದಿದ್ದರೆ ಮತ್ತೆ ಬರುವುದೇ ಬೇಡ ಎಂದು ಮೇನೇಜರು ಹೇಳಿಬಿಟ್ಟಿದ್ದರು. ಈ ವಿಮಾನ ತಪ್ಪಿದರೆ ಕೆಲಸವೂ ಹೋದ ಹಾಗೆಯೇ. ವಿಮಾನ ನಿಲ್ದಾಣದಿಂದ ಕಾರು ವಾಪಸು ತರಬೇಕಾದವಳು ನಾನೆಂದು ಹೋಗುವಾಗಲೂ ನಾನೇ ಓಡಿಸುತ್ತಿದ್ದೆ. ಅವರು ಪಕ್ಕದಲ್ಲಿ ಹಪ್ಪಳದ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ನೆಂಟರ ಮನೆಗೆ ಹೊರಟವರ ಹಾಗೆ ಆರಾಮವಾಗಿ ಕುಳಿತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಫರಂಗಿಪೇಟೆಯ ಹತ್ತಿರ ನಮ್ಮ ಒಳರಸ್ತೆ ಹೆದ್ದಾರಿಗೆ ಸೇರುವಲ್ಲಿ ಹೊಸ ಸಿಗ್ನಲ್ ಹಾಕಿದ್ದಾರೆ. ಯಾವ ಕಡೆ ಎಷ್ಟು ವಾಹನ ಕಾಯುತ್ತಿವೆ ಎಂದು ಅದೇ ನೋಡಿಕೊಂಡು ಹಸಿರು ಕೊಡುತ್ತದಂತೆ, ಇನ್ನು ಬ್ಲಾಕ್ ಎಂಬ ಮಾತೇ ಇಲ್ಲವಂತೆ. ನಾವು ಹೋದಾಗ ಕೆಂಪು. ಹೆದ್ದಾರಿಯ ಬಸ್ಸು, ಲಾರಿಗಳು ಹೋದವು, ಮತ್ತೂ ಹೋದವು. ನಮಗೆ ಕೆಂಪೇ.

ಮಧ್ಯಾಹ್ನದ ಬಿಸಿಲು. ನಮ್ಮ ಬದಿಯಲ್ಲೊಂದು ಗೋಳಿಮರ ಇದೆ. ಸಿಗ್ನಲ್ ಬರುವ ಮೊದಲಿನಿಂದಲೂ ಇಲ್ಲಿಯವರು ಹೆದ್ದಾರಿ ಖಾಲಿಯಾಗುವವರೆಗೆ ಅದರ ನೆರಳಿನಲ್ಲೇ ಕಾಯುವವರು. ಈಗಲೂ ಬೈಕು, ರಿಕ್ಷಾ, ಕಾರು ಎಲ್ಲ ಅಲ್ಲಿಯೇ. ನಿಲ್ಲಬೇಕಾದ ಬಿಳಿ ಗೆರೆ ಎಷ್ಟೋ ಮುಂದೆ ಬಿಸಿಲಿನಲ್ಲಿ ಖಾಲಿ ಬಿದ್ದಿತ್ತು. ಹಾರ್ನ್ ಒತ್ತಿ ಒತ್ತಿ ಸಾಕಾಗಿ, ಇಳಿದು ಎದುರಿನ ರಿಕ್ಷಾದವರ ಹತ್ತಿರ ಹೋದೆ.

"ಸ್ವಲ್ಪ ಮುಂದೆ ಹೋಗಿ ಮಾರಾಯ್ರೇ."

"ಮುಂದೆ ಹೋಗಿ ಎಂತ ಮಾಡುದು ಅಕ್ಕ? ಕೆಂಪು ಉಂಟಲ್ಲ. ಸುಮ್ಮನೆ ಬಿಸಿಲಿಗೆ ತಲೆ ಕೊಡ್ಲಿಕ್ಕಾ?"

"ಬಾ, ಒಳಗೆ ಕೂತ್ಕೋ," ಎಂದರು ನನ್ನವರು ಕಿಟಕಿಯಿಂದ. "ಬಿಡ್ತದೆ."

ಅಷ್ಟರಲ್ಲಿ ಆಚೆ ಬದಿಯಿಂದ ಪೊಲೀಸರೊಬ್ಬರು ಬೈಯುತ್ತಾ ಬಂದರು. "ನೀವೆಲ್ಲ ಮರದಡಿಯಲ್ಲಿ ನಿಂತ್ರೆ ಕ್ಯಾಮೆರಾಕ್ಕೆ ಕಾಣುದು ಹೇಗೆ? ಅದರ ಲೆಕ್ಕದಲ್ಲಿ ಈ ರಸ್ತೆಯಲ್ಲಿ ಜನವೇ ಇಲ್ಲ. ಗೆರೆಯ ಹತ್ತಿರ ಹೋಗಿ."

ರಿಕ್ಷಾ ಗೊಣಗುತ್ತಾ ಮುಂದೆ ಸರಿಯಿತು, ಹಿಂದಿನಿಂದ ನಾವೆಲ್ಲ. ಸ್ವಲ್ಪ ಹೊತ್ತಿನಲ್ಲೇ ಹಸಿರು ಬಂತು. ಹೆದ್ದಾರಿಗೆ ಏರಿ ಗಡಿಯಾರ ನೋಡಿದೆ. ವಿಮಾನ ತಪ್ಪುವ ಹಾಗಿರಲಿಲ್ಲ. ಉಸಿರು ಬಿಟ್ಟೆ.

"ಎಂಥ ಸಿಗ್ನಲ್ಲೋ," ಎಂದೆ.

"ದುಬೈಯಲ್ಲೂ ಹೀಗೆಯೇ. ಗೆರೆಯ ಹತ್ತಿರ ಗಾಡಿ ಇಲ್ಲದಿದ್ರೆ ಬಿಡುದಿಲ್ಲ."

ನಾನು ಅವರತ್ತ ತಿರುಗಿದೆ. "ನಿಮಗೆ ಗೊತ್ತಿತ್ತಾ? ಮತ್ತೆ ಹೇಳ್ಲಿಲ್ಲ ಯಾಕೆ?"

ಅವರು ಹಪ್ಪಳದ ಕಟ್ಟಿನ ದಾರ ಸರಿಮಾಡುತ್ತಾ ಕುಳಿತರು.

"ನೆರಳಿತ್ತು," ಎಂದರು. "ನೀನೂ ಇದ್ದೆ."

ಮುಂದಿನ ಸಿಗ್ನಲ್ ದೂರದಿಂದಲೇ ಹಸಿರಾಗಿ ಕಾಣುತ್ತಿತ್ತು. ಅದನ್ನು ಕಂಡು ನನಗೆ ವಿಪರೀತ ಸಿಟ್ಟು ಬಂತು.