ಪಡಸಾಲೆಯಲ್ಲಿ ಸೋರಿದ ಮೀನಿನ ಪೆಟ್ಟಿಗೆ

೧೯೭೧ರಲ್ಲಿ ನಾನು ಶಾಲೆ ಬಿಟ್ಟೆ. ಏಳನೇ ಇಯತ್ತೆಯ ಪರೀಕ್ಷೆಗೂ ಕೂಡಲಿಲ್ಲ. ಅಪ್ಪ ತೀರಿಕೊಂಡಿದ್ದ, ಕೈಗೆ ಕೆಲಸ ಬೇಕಿತ್ತು, ಬಿಟ್ಟೆ. ಅದಕ್ಕೆ ನಾನು ಅವತ್ತೂ ಅತ್ತಿಲ್ಲ, ಇವತ್ತೂ ಅಳುವುದಿಲ್ಲ. ಆದರೆ ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ಕಟ್ಟೆಯ ಮೇಲೆ ನಾಲ್ಕು ಮಂದಿಯ ಮುಂದೆ ಒಂದು ಮಾತು ಅಂದ: "ಆತು ಬಿಡಲೇ. ಇನ್ನ ನಿನ್ನ ಮನ್ಯಾಗ ಸಲಿಕಿ ಒಂದು, ಬುಟ್ಟಿ ಒಂದು. ಮೂರನೇ ಸಾಮಾನು ಬರಂಗಿಲ್ಲ."

ಆ ಮಾತನ್ನು ನಾನು ಮರೆಯಲಿಲ್ಲ. ಮರೆಯುವ ಮನಸ್ಸೂ ಇರಲಿಲ್ಲ.

ಅಣ್ಣಿಗೇರಿಯಲ್ಲಿ ಆಗ ಬಹಳಷ್ಟು ಮನೆಗಳಿಗೆ ಮಣ್ಣಿನ ಮಾಳಿಗೆ. ಮಿರಗಾ, ಅಂದರೆ ಮೃಗಶಿರಾ ಮಳೆ ಹಿಡಿಯುವುದರೊಳಗೆ ಅದರ ಮೇಲೆ ಕರಲು ಎಂಬ ಉಪ್ಪುಮಣ್ಣು ಹಾಸಬೇಕು, ಇಲ್ಲದಿದ್ದರೆ ಮಳೆಗಾಲ ಪೂರ್ತಿ ಮನೆಯೊಳಗೆ ಬೋಗುಣಿ ಇಟ್ಟುಕೊಂಡು ಕೂಡಬೇಕು. ನಾನು ಆ ಕೆಲಸ ಹಿಡಿದೆ. ಯಾವ ಹಳ್ಳದ ದಂಡೆಯ ಕರಲು ಕಚ್ಚಿ ಹಿಡಿಯುತ್ತದೆ, ಯಾವುದು ತೊಳೆದು ಹೋಗುತ್ತದೆ ಎಂದು ನಾಲಿಗೆಗೆ ಹಚ್ಚಿ ಹೇಳುವಷ್ಟು ಕಲಿತೆ. ಇವನು ಕೈಹಚ್ಚಿದ ಮಾಳಿಗೆ ಸೋರುವುದಿಲ್ಲ ಎಂಬ ಹೆಸರಾಯಿತು. ಆ ಹೆಸರೇ ನನ್ನ ಅನ್ನ.

೧೯೮೪ರ ಬೇಸಿಗೆಯಲ್ಲಿ ಹುಬ್ಬಳ್ಳಿಯ ಒಂದು ಹೋಟೆಲಿನಲ್ಲಿ ಚಹಾಕ್ಕೆ ಕೂತಿದ್ದೆ. ದುಡ್ಡು ಎಣಿಸುವ ಗಲ್ಲೆಯ ಬಾಜೂಕೆ ಗಾಜಿನ ಪೆಟ್ಟಿಗೆ, ಒಳಗೆ ಕೆಂಪು ಮೀನು. ಯಾರ ಹಂಗೂ ಇಲ್ಲದಂತೆ ಅತ್ತ ಇತ್ತ ತಿರುಗಾಡುತ್ತಿದ್ದವು. ಚಹಾ ಆರಿಹೋಯಿತು. ಮೂರನೇ ಸಾಮಾನು ಇದೇ ಅಂತ ಅಲ್ಲೇ ನಿಕ್ಕಿ ಮಾಡಿದೆ.

ಅಂಗಡಿಯಿಂದ ತಂದಿಟ್ಟರೆ ಅದರಲ್ಲೇನು ಬಂತು? ನಾನೇ ಮಾಡಿದೆ. ವೆಲ್ಡಿಂಗ್ ಅಂಗಡಿ ಇಟ್ಟಿದ್ದ ನನ್ನ ದೋಸ್ತ, ನಮ್ಮ ಓಣಿಯ ಮುಸಲ್ಮಾನರ ಮನೆಯವನು, ಕಬ್ಬಿಣದ ಚೌಕಟ್ಟು ಮಾಡಿಕೊಟ್ಟ. ಗಾಜು ನಾನೇ ಕೂರಿಸಿದೆ. ಅಗಸಿ ಎಣ್ಣೆಯಲ್ಲಿ ಖಡುವಿನ, ಅಂದರೆ ಸೀಮೆಸುಣ್ಣದ ಪುಡಿ ಹದವಾಗಿ ನಾದಿ, ಆ ಲಾಂಬಿಯನ್ನು ಗಾಜಿಗೂ ಕಬ್ಬಿಣಕ್ಕೂ ನಡುವೆ ಒತ್ತಿ ತುಂಬಿದೆ. ನಾಲ್ಕು ಮೀನು ತಂದೆ.

"ಲಿಂಗಪೂಜಿ ಆಗೂ ಮನ್ಯಾಗ ಮೀನೇನಲೇ?" ಅಂದಳು ಅವ್ವ. "ಮಂದಿ ಏನ ಅಂದಾರು?"

"ತಿನ್ನಾಕಲ್ಲ ಬೇ, ನೋಡಾಕ."

"ನೋಡಾಕ ಎಮ್ಮಿ ಐತೆಲ್ಲ."

ಪಡಸಾಲೆಯಲ್ಲಿ ಪೆಟ್ಟಿಗೆ ಇಟ್ಟು ನೀರು ತುಂಬಿದೆ. ನಮ್ಮ ಬಾವಿಯ ನೀರು ಸವಳು. ಕೆರೆಯಿಂದ ಹೊತ್ತು ತಂದೆ. ಮರುದಿನ ಬೆಳಿಗ್ಗೆ ನೋಡಿದರೆ ಕೆಳಗಿನ ಅಂಚಿಗೆ ಬೆವರು ಒಡೆದಂತೆ ಹನಿ, ಹಾಸುಗಲ್ಲಿನ ಮೇಲೆ ಅಂಗೈಯಷ್ಟು ಒದ್ದೆ. ಮೀನುಗಳನ್ನು ಅವ್ವ ನೀರು ತುಂಬಿಡುವ ಹರವಿಗೆ ಬಿಟ್ಟೆ. ನೀರು ಚೆಲ್ಲಿ, ಗಾಜು ಒಣಗಿಸಿ, ಲಾಂಬಿ ಕೆದರಿ ಹೊಸದು ತುಂಬಿದೆ. ಮತ್ತೆ ಕೆರೆಗೆ ಹೋದೆ, ಮತ್ತೆ ತುಂಬಿದೆ. ಮತ್ತೆ ಅದೇ ಬೆವರು, ಈ ಸಲ ಬೇರೆ ಮೂಲೆಗೆ.

"ಆ ಹರವಿ ಇನ್ನ ನನಗ ಬ್ಯಾಡ," ಅಂದಳು ಅವ್ವ.

ಕಾಕಾನಿಗೆ ಹಬ್ಬವಾಯಿತು. ನಮ್ಮದೂ ಅವನದೂ ಒಂದೇ ನಡುಗೋಡೆ. ಸಂಜೆ ಕಟ್ಟೆಯ ಮೇಲೆ ಕೂತು ಹೋಗಿ ಬರುವವರಿಗೆಲ್ಲ ಕೇಳುವಂತೆ ಅಂದ: "ಮಾಳಿಗಿ ಮ್ಯಾಲಿನ ನೀರ ನಿಂದ್ರಸ್ತಾನಂತ. ಡಬ್ಬ್ಯಾಗಿನ ನೀರ ನಿಂದ್ರಸಾಕ ಬರವಲ್ದು."

"ನಿಮ್ಮ ತಲಿ ಮ್ಯಾಲಿನ ಮಾಳಿಗಿ ನಾನ ಮಾಡೀನ್ರಿ ಕಾಕಾ. ಸೋರತೈತೇನು ಹೇಳ್ರಿ."

"ಅದು ಮಾಳಿಗಿಪಾ, ಇದು ಡಬ್ಬಿ. ನನ್ನ ಗ್ವಾಡಿ ತೊಯ್ಯೂದ್ರಾಗ ತಗದ ಒಗಿ. ಇಲ್ಲಾ ಆ ವೆಲ್ಡಿಂಗನಾಂವನ ಮನ್ಯಾಗ ಇಡು, ಅವರಿಗಿ ಮೀನು ಹೊಸಾದಲ್ಲ."

ದೋಸ್ತ ಅಲ್ಲೇ ನಿಂತಿದ್ದ. "ಇಡ್ತೀನ್ರಿ ಕಾಕಾ," ಅಂದ. "ಆದ್ರ ಶುಕ್ರವಾರದ ಮಟಾ ಉಳಿತಾವಂತ ಗ್ಯಾರಂಟಿ ಕೊಡಂಗಿಲ್ಲ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಕಾಕಾನ ಮಾತು ಪೇಟೆಗೆ ಮುಟ್ಟಿತು. ತನ್ನ ಅಂಗಡಿಯ ಮಾಳಿಗೆಯನ್ನು ನನಗೇ ಒಪ್ಪಿಸಿದ್ದ ಕಾಳಿನ ವ್ಯಾಪಾರಿ, "ತಡೀಪಾ, ನೋಡೂಣು" ಅಂದುಬಿಟ್ಟ. ರೋಹಿಣಿ ಮಳೆ ಹತ್ತಿರ ಬಂದಿತ್ತು. ಆ ಹೊತ್ತಿಗೆ ಹೆಸರು ಹೋದರೆ ಇಡೀ ವರ್ಷ ಹೋದಂತೆ. ಪೆಟ್ಟಿಗೆ ತೆಗೆದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ನಾನು ತೆಗೆಯಲಿಲ್ಲ. ತೆಗೆದರೆ ಸೋರಿದ್ದು ಖರೆ ಅಂತ ನಾನೇ ಡಂಗುರ ಹೊಡೆದಂತೆ.

ಮತ್ತೊಮ್ಮೆ ಕೆದರಿ ತುಂಬಿದೆ. ಮತ್ತೆ ಹನಿ ಒಡೆಯಿತು. ನೀರು ಚೆಲ್ಲಲು ಚರಿಗೆ ಅದ್ದಿದ್ದೆ, ಅವ್ವ ಜೋಳ ಹಸನು ಮಾಡುತ್ತ ಕೂತಲ್ಲಿಂದಲೇ ಶುರು ಮಾಡಿದಳು:

"ತುಂಬು, ಚೆಲ್ಲು, ಕೆದರು. ಊರ ಮಂದಿಗೆ ಹೇಳ್ತಿ, ಮೊದಲನೇ ಮಳಿಗೆ ನಾಕ ಹನಿ ಬಿದ್ರ ಮಾಳಿಗಿ ಹತ್ತಿ ತುಳೀಬ್ಯಾಡ್ರಿ, ತಡೀರಿ ಅಂತ. ನಿನಗ ತಡಿಯಾಕ ಆಗಂಗಿಲ್ಲ ನೋಡು."

ಅವಳು ಅಂದದ್ದು ಚುಚ್ಚಲಿಕ್ಕೆ. ನನ್ನ ಕೈ ಮಾತ್ರ ಅಲ್ಲೇ ನಿಂತಿತು.

ಹೌದು, ಪ್ರತಿ ವರ್ಷ ಮನೆಮನೆಗೆ ಅದನ್ನೇ ಹೇಳುತ್ತಿದ್ದೆ. ಹೊಸ ಕರಲು ಮೊದಲ ಮಳೆಗೆ ನೀರು ಕುಡಿಯುತ್ತದೆ, ಉಬ್ಬುತ್ತದೆ, ತನ್ನ ಸಂದಿಯನ್ನು ತಾನೇ ಮುಚ್ಚಿಕೊಳ್ಳುತ್ತದೆ. ನಡುವೆ ಹತ್ತಿ ಕೆದರಿದವನ ಮನೆ ಮಾತ್ರ ಸೋರುತ್ತದೆ. ಲಾಂಬಿಯೂ ಹಸಿಯೇ. ನೀರಿನ ಭಾರ ಗಾಜನ್ನು ಹೊರಗೆ ಒತ್ತಿದಷ್ಟೂ ಅದು ಸಂದಿಯಲ್ಲಿ ಕೂರಬೇಕು. ನಾನೋ, ಅದು ಕೂರುವ ಹೊತ್ತಿಗೆ ಸರಿಯಾಗಿ ಭಾರ ಇಳಿಸಿ ಕಿತ್ತು ಹಾಕುತ್ತಿದ್ದೆ.

ಚರಿಗೆ ಕೆಳಗಿಟ್ಟೆ. ಪೆಟ್ಟಿಗೆಯನ್ನು ಕಂಠಮಟ್ಟ ತುಂಬಿ, ಅಡಿಗೆ ಹಳೆಯ ಪೇಪರ್ ಹಾಸಿದೆ.

ಕಾಕಾ ಬಾಗಿಲಲ್ಲಿ ನಿಂತ. "ಇನ್ನೂ ತಗದಿಲ್ಲೇನಲೇ?"

"ತಗ್ಯಂಗಿಲ್ರಿ."

"ಸೋರಾಕ ಹತ್ತೇತೆಲ್ಲ."

"ಸೋರ್ಲಿ. ಮೊದಲನೇ ಮಳಿ ಐತಿ."

ಅವನು ನಗುತ್ತ ಕಟ್ಟೆಗೆ ಹೋದ. ಹೋಗಲಿ ಅಂದೆ. ಇಳಿದಷ್ಟು ನೀರು ತುಂಬುತ್ತಿದ್ದೆ, ಪೇಪರ್ ಬದಲಿಸುತ್ತಿದ್ದೆ, ಲಾಂಬಿಗೆ ಬೆರಳು ಹಚ್ಚಲಿಲ್ಲ. ಕೆದರಬೇಕೆಂದು ಕೈ ಬಹಳ ಕಡಿಯುತ್ತಿತ್ತು. ಒದ್ದೆ ಅಂಗೈಯಷ್ಟು ಇದ್ದದ್ದು ರೂಪಾಯಿಯಷ್ಟಾಯಿತು. ನಡುವೆ ಹರವಿಯಲ್ಲಿ ಒಂದು ಮೀನು ಸತ್ತಿತು. ನಾನು ಹೊರಗೆ ಹೋದಾಗ ಅವ್ವ ಅದನ್ನು ಕರಿಬೇವಿನ ಗಿಡದ ಬುಡಕ್ಕೆ ಹುಗಿದಿದ್ದಳು.

ಒಂದು ಮುಂಜಾನೆ ಪೇಪರ್ ಎತ್ತಿದರೆ ಗರಿಗರಿ ಒಣಗಿತ್ತು.

ಉಳಿದ ಮೂರನ್ನು ಪೆಟ್ಟಿಗೆಗೆ ಬಿಟ್ಟೆ, ಹೋಗಿ ಕಾಕಾನನ್ನು ಕರೆದೆ, ವ್ಯಾಪಾರಿಯನ್ನೂ ಕರೆದೆ. ಕಾಕಾ ಬಗ್ಗಿ ಅಂಚಿನ ಉದ್ದಕ್ಕೂ ಕೈಯಾಡಿಸಿದ, ಕೈ ಮೂಸಿದ. "ಅಗಸಿ ಎಣ್ಣಿ ನಾರತೈತಿ," ಅಂದ. ಅದಕ್ಕಿಂತ ಹೆಚ್ಚಿನದು ಅವನ ಬಾಯಿಂದ ಬರುವುದಿಲ್ಲ ಅಂತ ನನಗೆ ಗೊತ್ತಿತ್ತು. ವ್ಯಾಪಾರಿ ಮೀನುಗಳನ್ನು ಬಹಳ ಹೊತ್ತು ನೋಡಿ, "ಕರಲು ಯಾವಾಗ ತರ್ತೀಪಾ?" ಅಂತ ಕೇಳಿದ.

"ನಾಳೆ ಚಕ್ಕಡಿ ಹೂಡ್ತೀನ್ರಿ," ಅಂದೆ.

ಕಾಕಾ ಈಗಿಲ್ಲ. ಇದ್ದಿದ್ದರೆ ಕಟ್ಟೆಯ ಮೇಲೆ, ನಾಲ್ಕು ಮಂದಿಯ ಮುಂದೆಯೇ ಎಣಿಸಿ ತೋರಿಸುತ್ತಿದ್ದೆ. ಸಲಿಕೆ ಮೂರು. ಬುಟ್ಟಿ ಐದು. ಅದೇ ಗಾಜಿನ ಪೆಟ್ಟಿಗೆ ಒಂದು. ಅದರೊಳಗೆ ಮೀನು ಆರು.