ಮೂರು ನಳಿ

ಬರಗಾಲದ ಆ ವರ್ಷಗಳಲ್ಲಿ ನಾನು ಬೀದರಿನಲ್ಲಿ ರೇಡಿಯಾಲಜಿಸ್ಟ್. ಎಕ್ಸ್‌ರೇ, ಸಿಟಿ ಸ್ಕ್ಯಾನ್ ನೋಡಿ ಮೈಯೊಳಗಿನ ಸುದ್ದಿ ಹೇಳುವುದು ನನ್ನ ಕೆಲಸ. ಭಾಲ್ಕಿ, ಔರಾದ ಕಡೆಯವರು ಗುಂಪುಗುಂಪಾಗಿ ಪುಣೆಗೆ ಗುಳೆ ಹೋಗುತ್ತಿದ್ದರು. ಔರಾದ ಕಡೆಯ ಕುರಿಗಾರ ಮಾಳಪ್ಪನೂ ಅವರಲ್ಲೊಬ್ಬ. ಊರಿಗೆ ಮರಳಿದ್ದವನನ್ನು ಹೆಂಡತಿ ಭಾಗಮ್ಮ ಆಸ್ಪತ್ರೆಗೆ ಎಳೆದು ತಂದಿದ್ದಳು. ಎರಡೂ ಮೊಣಕಾಲ ಕೆಳಗೆ ಬಾವು, ವಿಪರೀತ ನೋವು, ಸಂಜೆಯಾದರೆ ಸಣ್ಣ ಜ್ವರ.

“ನೋವಿನ ಗುಳಿಗಿ ಕೊಡ್ರಿ ಸಾಬ್, ಸಾಕು. ನಾಳಿ ಪುಣಾ ಗಾಡಿ ಹತ್ತಬೇಕು,” ಎಂದ ಮಾಳಪ್ಪ.

“ನಳಿ ಕೆಟ್ಟದ್ರಿ, ಮೊದಲ ನಳಿ ನೋಡ್ರಿ,” ಎಂದು ಭಾಗಮ್ಮನ ಹಟ.

ಹೊರರೋಗಿಗಳನ್ನು ನೋಡುತ್ತಿದ್ದ ನಮ್ಮ ಡಾಕ್ಟರಿಗೆ ಕುರಿಮಾಂಸದ ಊಟವೆಂದರೆ ಜೀವ. ನಮ್ಮಲ್ಲಿ ಕುರಿಯ ಕಾಲೆಲುಬಿಗೆ ನಳಿ ಎನ್ನುತ್ತಾರೆ. ಪುಣ್ಯಾತ್ಮ ಅದನ್ನೇ ನೆನೆದು, ರೋಗಿಯ ಅಂಗಿಯನ್ನೂ ಎತ್ತಿಸದೆ ಕಾಲಿನ ಎಕ್ಸ್‌ರೇಗೆ ಕಳಿಸಿದ.

ಫಿಲ್ಮ್ ನೋಡಿ ಬೆಚ್ಚಿದೆ. ಎರಡೂ ಕಾಲೆಲುಬುಗಳ ಗುಂಟ, ಗೋಡೆಗೆ ಹೊಸದಾಗಿ ಗಿಲಾವು ಮಾಡಿದಂತೆ, ತೆಳ್ಳನೆಯ ಬಿಳಿ ಪದರ. ಎಲುಬಿನ ಹೊರಪೊರೆ ಹೀಗೆ ಹೊಸ ಎಲುಬು ಕಟ್ಟುವುದಕ್ಕೆ ಪೆರಿಆಸ್ಟಿಯಲ್ ರಿಯಾಕ್ಷನ್ ಎನ್ನುತ್ತೇವೆ. ಸಾಮಾನ್ಯವಾಗಿ ಇದಕ್ಕೆ ಮೂಲ ಎದೆಯೊಳಗಿನ ರೋಗ, ಆಗ ಪದರ ಕೈಗಳಲ್ಲೂ ಕಾಣುತ್ತದೆ. ಇವನ ಎದೆ, ಕೈಗಳ ಎಕ್ಸ್‌ರೇಯನ್ನೂ ತೆಗೆಸಿದೆ, ಏನೂ ಇಲ್ಲ. ತಲೆ ಕೆರೆದುಕೊಳ್ಳುತ್ತ ಹೊರಗೆ ಬಂದೆ.

“ಅಕ್ಕಾ, ನಳಿ ಕೆಟ್ಟದ್ದು ಖರೆ. ನಿಮಗ ಹ್ಯಾಂಗ ಗೊತ್ತಾಯ್ತು?”

“ಕಾಲಿಂದಲ್ರಿ ಸಾಬ್! ಪುಣಾದಾಗ ಆಪರೇಷನ್ ಮಾಡಿ ಹೊಟ್ಟ್ಯಾಗ ನಳಿ ಹಾಕ್ಯಾರಲ್ರಿ, ಅದು!”

ಕೊಳವೆಗೂ ನಳಿ ಎನ್ನುತ್ತಾರಲ್ಲ! ಗ್ರಾಫ್ಟ್! ಉಬ್ಬಿದ ದೊಡ್ಡ ರಕ್ತನಾಳದ ಜಾಗದಲ್ಲಿ ಕೂಡಿಸಿದ ಕೃತಕ ಕೊಳವೆ. ಅದಕ್ಕೆ ಸೋಂಕು ತಗಲಿದರೆ, ಬಲು ಅಪರೂಪಕ್ಕೆ, ಅದರ ಮೂಲಕ ರಕ್ತ ಪಡೆಯುವ ಕಾಲುಗಳ ಎಲುಬಷ್ಟೇ ಹೀಗೆ ಪದರ ಕಟ್ಟುತ್ತದೆ. ಕೂಡಲೇ ಸಿಟಿ ಮಾಡಿಸಿದೆ. ಕೊಳವೆಯ ಸುತ್ತ ಕೀವು, ಅದರೊಳಗೆ ಗಾಳಿಯ ಗುಳ್ಳೆಗಳು. ಹೊಲಿಗೆ ಬಿಟ್ಟುಕೊಂಡರೆ ರಕ್ತ ಹರಿದು ಮನುಷ್ಯ ಉಳಿಯುವುದಿಲ್ಲ.

“ಮಾಳಪ್ಪಾ, ನಾಳಿ ಆ ಗಾಡಿ ಹತ್ತಿದ್ರ ನೀ ಇಳಿಯಂಗಿಲ್ಲ ನೋಡು,” ಎಂದು ಗದರಿದೆ. ಅಂದೇ ಹೈದರಾಬಾದಿಗೆ ಕಳಿಸಿದೆವು. ಅಲ್ಲಿ ಕೆಟ್ಟ ಕೊಳವೆ ತೆಗೆದು, ಭುಜದಿಂದ ಕಾಲಿಗೆ ರಕ್ತ ಹರಿಯಲು ಬೇರೆ ದಾರಿ ಮಾಡಿದರು.

ಕೆಲವು ತಿಂಗಳ ಮೇಲೆ ಮಾಳಪ್ಪ ತನ್ನ ಕಾಲ ಮೇಲೆ ನಡೆದು ನನ್ನ ಕೋಣೆಗೆ ಬಂದ, ಹಿಂದೆಯೇ ಭಾಗಮ್ಮ. ಅಂದಿನಿಂದ ನನ್ನ ಕೈಕೆಳಗೆ ಕಲಿತವರಿಗೆಲ್ಲ ಒಂದೇ ಮಾತು ಹೇಳಿದ್ದೇನೆ: ಚಿತ್ರ ತೆಗೆಯುವ ಮೊದಲು, ಯಾವ ನಳಿ ಎಂದು ಕೇಳಿ.

“ಕಾಲಿಂದು, ಹೊಟ್ಟೀದು, ಎರಡೂ ನಳಿ ಚೊಲೋ ಆದವು, ಅಕ್ಕಾ,” ಎಂದೆ ಅಂದು.

“ಮೂರನೇದು ಐತ್ವಾರ ಒಲಿ ಮ್ಯಾಲ ಇಡ್ತೇನ್ರಿ ಸಾಬ್,” ಎಂದು ನಕ್ಕಳು ಭಾಗಮ್ಮ. “ಊಟಕ್ಕ ಬರ್ರಿ. ಆ ಡಾಕ್ಟರ್ ಸಾಬ್‌ನೂ ಕರಕೊಂಡು ಬರ್ರಿ.”